ಆ ಬಾಗಿಲು ಮಾಯೆಯೋ ವಾಸ್ತವವೋ: ಒಂದು ಕಾದಂಬರಿಯನ್ನು ಫ್ಯಾಂಟಸಿ ಮತ್ತು ಮಾಂತ್ರಿಕ ವಾಸ್ತವಗಳ ನಡುವೆ ಇಟ್ಟು ಓದುವ ಕ್ರಮ

ಸಿಡ್ನಿಯ ಸರ್ರಿ ಹಿಲ್ಸ್ ಬಡಾವಣೆಯ ಮನೆಯೊಂದರಲ್ಲಿ ಬಿಳಿಯ ಹೆಂಗಸೊಬ್ಬಳು ಒಂಟಿಯಾಗಿ ಮಲಗಿದ್ದಾಳೆ. ಕೋಣೆಯಲ್ಲಿರುವ ಬಟ್ಟೆಯ ಕಪಾಟಿನ ಬಾಗಿಲು ತೆರೆದಿದೆ, ಅದರೊಳಗಿನ ಕತ್ತಲು ಕೋಣೆಯ ಕತ್ತಲಿಗಿಂತ ದಟ್ಟವಾಗಿದೆ. ಆ ಕತ್ತಲಿನೊಳಗಿಂದ ಕಪ್ಪು ಮೈಬಣ್ಣದ ಗಂಡಸೊಬ್ಬ, ಯಾವುದೋ ಭಾರವನ್ನು ಎಳೆಯುತ್ತಿರುವವನಂತೆ ತಿಣುಕಾಡುತ್ತ ಹೊರಬರುತ್ತಾನೆ; ಮಲಗಿದವಳಿಗೆ ಏನೂ ಮಾಡದೆ, ಕಿಟಕಿಯಿಂದ ಇಳಿದು ಬೀದಿಗೆ ಸೇರಿಹೋಗುತ್ತಾನೆ. ಲಾಹೋರಿನಲ್ಲಿ ಹುಟ್ಟಿದ ಲೇಖಕ ಮೊಹ್ಸಿನ್ ಹಮೀದ್ ಅವರ 'ಎಕ್ಸಿಟ್ ವೆಸ್ಟ್' (2017) ಕಾದಂಬರಿಯ ಆರಂಭದಲ್ಲೇ ಬರುವ ಈ ದೃಶ್ಯವನ್ನು ಓದಿದವರಲ್ಲಿ ಕೆಲವರು ಇದನ್ನು ಫ್ಯಾಂಟಸಿ ಎಂದರೆ, ಇನ್ನು ಕೆಲವರು ಮಾಂತ್ರಿಕ ವಾಸ್ತವ ಎಂದರು. ಇಬ್ಬರ ಬಳಿಯೂ ಕಾರಣಗಳಿದ್ದವು. ಆದರೆ ಹೆಚ್ಚಿನವರು ಆ ಕಾರಣಗಳನ್ನು ಕಾದಂಬರಿಯ ಸಾಲುಗಳಲ್ಲಿ ಹುಡುಕಲಿಲ್ಲ. ಪುಸ್ತಕವನ್ನು ಯಾವ ಕಪಾಟಿನಲ್ಲಿ ಇಡಬೇಕು ಎಂಬ ಅಂಗಡಿಯವನ ಚಿಂತೆಯಲ್ಲೇ ಮಾತು ಮುಗಿಸಿದರು.

ಇಂಥ ಒಂದು ಸಮಕಾಲೀನ ಕಾದಂಬರಿಯನ್ನು ಎರಡೂ ಪ್ರಕಾರಗಳ ಬೆಳಕಿನಲ್ಲಿ ಹೋಲಿಸಿ ಓದುವುದು ಹೇಗೆ, ಓದಿದ್ದನ್ನು ಒಂದು ಲೇಖನವಾಗಿ ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಸಾಹಿತ್ಯದ ವಿದ್ಯಾರ್ಥಿಗಳಿಗೂ, ಓದುಗ ಬಳಗಗಳಲ್ಲಿ ಪುಸ್ತಕವೊಂದರ ಬಗ್ಗೆ ಮಾತಾಡಬೇಕಾದವರಿಗೂ ಇದು ನೆರವಾದೀತು. 'ಎಕ್ಸಿಟ್ ವೆಸ್ಟ್' ಅನ್ನೇ ಉದ್ದಕ್ಕೂ ಎದುರಿಗಿಟ್ಟುಕೊಳ್ಳುತ್ತೇನೆ, ಹೋಲಿಕೆಗೆ ಬೇಕಾದಾಗ ಮಾತ್ರ ಬೇರೆ ಕೃತಿಗಳತ್ತ ಹೋಗಿಬರುತ್ತೇನೆ. ಹೊರಡುವ ಮುನ್ನ ಒಂದು ಎಚ್ಚರಿಕೆ: ಕಾದಂಬರಿಯ ಕೊನೆಯನ್ನೂ ಇಲ್ಲಿ ಚರ್ಚಿಸಲಾಗಿದೆ.

ಪದಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಕನ್ನಡದಲ್ಲಿ ಒಂದಕ್ಕೆ ಫ್ಯಾಂಟಸಿ ಎಂಬ ಪದವೇ ನೆಲೆನಿಂತಿದೆ. ಇನ್ನೊಂದನ್ನು ಮಾಂತ್ರಿಕ ವಾಸ್ತವ, ಮಾಂತ್ರಿಕ ವಾಸ್ತವವಾದ, ಮಾಯಾವಾಸ್ತವ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕರೆಯುತ್ತಾರೆ. ಯಾವುದನ್ನು ಆರಿಸಿಕೊಂಡರೂ ಅಡ್ಡಿಯಿಲ್ಲ, ಆದರೆ ಲೇಖನದ ಆರಂಭದಿಂದ ಕೊನೆಯವರೆಗೆ ಅದೊಂದನ್ನೇ ಬಳಸಬೇಕು. ಪದ ಬದಲಾದಾಗಲೆಲ್ಲ ಓದುಗರು ಅರ್ಥವೂ ಬದಲಾಗಿದೆಯೆಂದು ಭಾವಿಸುತ್ತಾರೆ. ಹಗಲುಗನಸು, ಕಲ್ಪನಾವಿಲಾಸ ಎಂಬ ಅರ್ಥದಲ್ಲಿಯೂ ನಾವು ಫ್ಯಾಂಟಸಿ ಎನ್ನುವುದುಂಟು. ಇಲ್ಲಿ ಅದು ಒಂದು ಸಾಹಿತ್ಯ ಪ್ರಕಾರದ ಹೆಸರು ಮಾತ್ರ.

ಎರಡು ಮಾತುಗಳ ಹಿಂದಿನ ಕಥೆಯನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಹೋಲಿಕೆಯ ಅಳತೆಗೋಲುಗಳು ಅಲ್ಲಿಂದಲೇ ಸಿಗುತ್ತವೆ. ಫ್ಯಾಂಟಸಿಯ ಬಗ್ಗೆ ಇಂಗ್ಲಿಷ್ ಫ್ಯಾಂಟಸಿ ಲೇಖಕ ಜೆ. ಆರ್. ಆರ್. ಟೋಲ್ಕಿನ್ 1939ರ ಉಪನ್ಯಾಸವೊಂದರಲ್ಲಿ ಬೆಳೆಸಿದ ವಿಚಾರ ಇಂದಿಗೂ ಉಪಯುಕ್ತವಾಗಿದೆ. ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಿಬಿಡಬಹುದು; ಆದರೆ ಹಸಿರು ಸೂರ್ಯ ನಂಬಿಕೆಗೆ ಅರ್ಹವಾಗುವಂಥ ಇನ್ನೊಂದು ಲೋಕವನ್ನು, ಅದರದೇ ಒಳನಿಯಮಗಳೊಡನೆ, ಕಟ್ಟಿ ನಿಲ್ಲಿಸುವುದು ಶ್ರಮದ ಕೆಲಸ ಎಂಬುದು ಅದರ ತಿರುಳು. ಮಾಂತ್ರಿಕ ವಾಸ್ತವದ ಹಾದಿ ಬೇರೆ. ಜರ್ಮನಿಯ ಕಲಾವಿಮರ್ಶಕ ಫ್ರಾಂಜ್ ರೋ 1925ರಲ್ಲಿ ಆ ಮಾತನ್ನು ಬಳಸಿದ್ದು ಚಿತ್ರಕಲೆಯನ್ನು ಕುರಿತು. ಅದು ಲ್ಯಾಟಿನ್ ಅಮೆರಿಕದ ಕಥನಕ್ಕೆ ಅಂಟಿಕೊಂಡದ್ದರಲ್ಲಿ ಕ್ಯೂಬಾದ ಲೇಖಕ ಅಲೆಹೊ ಕಾರ್ಪೆಂಟಿಯೆರ್ ಅವರ ಪಾಲು ದೊಡ್ಡದು. ಹೈಟಿಯ ಗುಲಾಮರ ಬಂಡಾಯವನ್ನು ಕುರಿತು 1949ರಲ್ಲಿ ಅವರು ಪ್ರಕಟಿಸಿದ ಕಾದಂಬರಿಯ ಮುನ್ನುಡಿಯಲ್ಲಿ, ಅದ್ಭುತವು ಈ ನೆಲದ ನಿಜದಲ್ಲಿಯೇ ಇದೆ, ಅದನ್ನು ಕಾಣಲು ನಂಬಿಕೆ ಬೇಕು ಎಂದು ವಾದಿಸಿದರು. ಆ ಕಾದಂಬರಿಯಲ್ಲಿ ಬಂಡಾಯಗಾರ ಮಕಾಂಡಾಲ್‌ನನ್ನು ಸುಡುವ ಪ್ರಸಂಗವಿದೆ. ಅವನು ಬಂಧನ ಕಳಚಿಕೊಂಡು ಗಾಳಿಯಲ್ಲಿ ಮೇಲೇರಿದನೆಂದು ಗುಲಾಮರು ನಂಬಿ ನಗುತ್ತ ತಮ್ಮ ತೋಟಗಳಿಗೆ ಮರಳುತ್ತಾರೆ. ಅವನನ್ನು ಬೆಂಕಿಗೆ ನೂಕಿದ್ದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಒಂದೇ ಘಟನೆಗೆ ಎರಡು ಸತ್ಯಗಳು, ಎರಡೂ ಒಂದೇ ಪುಟದಲ್ಲಿ. ಮಾಂತ್ರಿಕ ವಾಸ್ತವ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ವ್ಯಾಖ್ಯಾನದ ಬದಲು ಈ ಪ್ರಸಂಗವನ್ನು ಹೇಳುತ್ತೇನೆ.

ಅದ್ಭುತಗಳ ಪಟ್ಟಿ ಮಾಡಿ

ಕಾದಂಬರಿಯನ್ನು ಎರಡು ಬಾರಿ ಓದಬೇಕು. ಮೊದಲನೆಯದು ಕಥೆಗಾಗಿ. ಎರಡನೆಯ ಓದಿನಲ್ಲಿ, ನಮ್ಮ ದಿನಬಳಕೆಯ ಜಗತ್ತಿನಲ್ಲಿ ನಡೆಯಲಾರದ ಸಂಗತಿ ಬಂದಾಗಲೆಲ್ಲ ಪುಟಸಂಖ್ಯೆಯೊಡನೆ ಗುರುತು ಹಾಕಿಕೊಂಡು, ಪಕ್ಕದಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಅದನ್ನು ಕಂಡವರು ಯಾರು, ಕಂಡ ಕೂಡಲೇ ಅವರು ಮಾಡಿದ್ದೇನು, ನಿರೂಪಣೆ ಅದಕ್ಕೆ ಎಷ್ಟು ಸಾಲು ಕೊಟ್ಟಿತು, ಮತ್ತು ಅದಕ್ಕೆ ಕಾರಣವನ್ನು ಹೇಳಿತೇ.

'ಎಕ್ಸಿಟ್ ವೆಸ್ಟ್'ಗೆ ಈ ಪಟ್ಟಿ ಮಾಡಿದಾಗ ನನಗೆ ಅಚ್ಚರಿಯಾಯಿತು. ಪಟ್ಟಿಯಲ್ಲಿ ಉಳಿದದ್ದು ಒಂದೇ ಸಂಗತಿ: ಸಾಮಾನ್ಯ ಬಾಗಿಲುಗಳು ಇದ್ದಕ್ಕಿದ್ದಂತೆ ದೂರದ ಊರುಗಳಿಗೆ ತೆರೆದುಕೊಳ್ಳುತ್ತವೆ. ಉಳಿದುದೆಲ್ಲ ನಮಗೆ ಪರಿಚಿತವಾದದ್ದೇ. ಹೆಸರಿಲ್ಲದ ನಗರವೊಂದರಲ್ಲಿ ಸಂಜೆಯ ತರಗತಿಯಲ್ಲಿ ಸಯೀದ್ ಮತ್ತು ನಾದಿಯಾ ಭೇಟಿಯಾಗುತ್ತಾರೆ, ಮೊಬೈಲಿನಲ್ಲಿ ಮಾತಾಡಿಕೊಳ್ಳುತ್ತಾರೆ. ಉಗ್ರರು ನಗರವನ್ನು ಬೀದಿ ಬೀದಿಯಾಗಿ ವಶಪಡಿಸಿಕೊಳ್ಳುತ್ತಾರೆ, ನೆಟ್‌ವರ್ಕ್ ಸತ್ತುಹೋಗುತ್ತದೆ, ಕಳೆದುಹೋದ ಓಲೆಯನ್ನು ಕಾರಿನಲ್ಲಿ ಹುಡುಕುತ್ತಿದ್ದ ಸಯೀದನ ತಾಯಿಗೆ ಎಲ್ಲಿಂದಲೋ ಬಂದ ಗುಂಡು ತಗಲುತ್ತದೆ. ಇಷ್ಟೊಂದು ವಾಸ್ತವದ ನಡುವೆ ಒಂದೇ ಒಂದು ಅದ್ಭುತ. ಕೊಲಂಬಿಯಾದ ಲೇಖಕ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಅವರ 'ನೂರು ವರ್ಷಗಳ ಏಕಾಂತ'ಕ್ಕೆ (1967) ಇದೇ ಪಟ್ಟಿ ಮಾಡಹೊರಟರೆ ನೋಟ್‌ಬುಕ್ಕೇ ಸಾಲದು: ನಿದ್ರೆಗೆಡಿಸುವ ಪಿಡುಗು, ಹಳದಿ ಹೂಗಳ ಮಳೆ, ನಾಲ್ಕು ವರ್ಷ ಹನ್ನೊಂದು ತಿಂಗಳು ಎರಡು ದಿನ ಬಿಡದೆ ಸುರಿದ ಮಳೆ. ಈ ಪ್ರಮಾಣದ ಅಂತರವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒಂದೇ ಅದ್ಭುತವಿರುವ ಕೃತಿಯಲ್ಲಿ ಅದು ಕಥೆಯ ಯಂತ್ರದಂತೆ ಕೆಲಸ ಮಾಡುತ್ತಿದೆಯೇ ಎಂಬ ಅನುಮಾನ ಆಗಲೇ ಹುಟ್ಟಬೇಕು.

ಅಚ್ಚರಿ ಯಾರಿಗೆ?

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಬೇರೆ ಯಾವುದನ್ನೂ ಕೇಳಲು ಸಮಯವಿಲ್ಲದಿದ್ದರೂ ಇದೊಂದನ್ನು ಕೇಳಿ. ಹಾರುವ ಚಾಪೆ, ದೆವ್ವ, ಮಾತಾಡುವ ಪ್ರಾಣಿ ಇವು ಎರಡೂ ಪ್ರಕಾರಗಳಲ್ಲಿ ಬರುತ್ತವೆಯಾದ್ದರಿಂದ ವಸ್ತುವನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು. ಆ ವಸ್ತುವಿನ ಎದುರು ಪಾತ್ರ, ನಿರೂಪಕ ಮತ್ತು ಓದುಗ ಎಂಬ ಮೂವರಲ್ಲಿ ಯಾರು ಬೆರಗಾಗುತ್ತಾರೆ, ಯಾರು ತಣ್ಣಗಿರುತ್ತಾರೆ ಎಂಬುದರಲ್ಲಿ ವ್ಯತ್ಯಾಸ ಅಡಗಿದೆ.

ಮಾರ್ಕ್ವೆಜ್ ಅವರ ಮಾಕೊಂಡೊ ಊರಿನಲ್ಲಿ ರೆಮೆಡಿಯೋಸ್ ಎಂಬ ಚೆಲುವೆ, ಹಾಸುಬಟ್ಟೆಗಳನ್ನು ಮಡಚುತ್ತಿರುವಾಗ, ಅವುಗಳ ಸಮೇತ ಆಕಾಶಕ್ಕೆ ಏರಿಹೋಗುತ್ತಾಳೆ. ಆ ಮನೆಯ ಸೊಸೆ ಫೆರ್ನಾಂಡಾ ಮುಂದೆ ಬಹಳ ದಿನ ದೇವರನ್ನು ಬೇಡಿಕೊಳ್ಳುವುದು ಯಾತಕ್ಕೆ ಗೊತ್ತೇ? ತನ್ನ ಹಾಸುಬಟ್ಟೆಗಳನ್ನು ಹಿಂದಿರುಗಿಸು ಎಂದು! ಮನುಷ್ಯಳೊಬ್ಬಳು ಹಾರಿಹೋದದ್ದಕ್ಕಿಂತ ಒಳ್ಳೆಯ ಬಟ್ಟೆ ಹೋಯಿತಲ್ಲ ಎಂಬುದೇ ಮನೆವಾರ್ತೆಯ ಹೆಣ್ಣಿಗೆ ದೊಡ್ಡ ಸಂಕಟ. ಇದೇ ಊರಿನಲ್ಲಿ ಮಂಜುಗಡ್ಡೆಯನ್ನು ಮೊದಲ ಸಲ ಮುಟ್ಟಿದ ಹೊಸೆ ಆರ್ಕಾದಿಯೊ ಬುಯೆಂದಿಯಾ ಅದನ್ನು ತಮ್ಮ ಕಾಲದ ಮಹಾ ಆವಿಷ್ಕಾರವೆಂದು ಕೊಂಡಾಡುತ್ತಾನೆ. ನಮಗೆ ಸಾಮಾನ್ಯವಾದದ್ದು ಅವರಿಗೆ ಪವಾಡ, ನಮಗೆ ಪವಾಡವಾದದ್ದು ಅವರಿಗೆ ಮನೆಯ ತಕರಾರು. ಇನ್ನೂ ಮುಂದೆ, ಬಾಳೆತೋಟದ ಕೂಲಿಗಾರರ ಹತ್ಯಾಕಾಂಡವನ್ನು ಕಣ್ಣಾರೆ ಕಂಡು ಬದುಕುಳಿದವನು ಬಂದು ಹೇಳಿದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಕೊಲಂಬಿಯಾದ ಸಿಯೆನಾಗಾದಲ್ಲಿ 1928ರ ಡಿಸೆಂಬರಿನಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿದ್ದು ಈ ಪ್ರಸಂಗದ ಹಿಂದಿರುವ ಚರಿತ್ರೆ. ಹೆಣ್ಣು ಆಕಾಶಕ್ಕೇರಿದ್ದನ್ನು ಒಪ್ಪುವ ಊರು ನಡೆದ ಕೊಲೆಯನ್ನು ಒಪ್ಪುವುದಿಲ್ಲ. ಅಚ್ಚರಿ ಎಲ್ಲಿ ಕೂತಿದೆ ಎಂದು ಹುಡುಕುತ್ತ ಹೋದರೆ ಕಾದಂಬರಿಯ ರಾಜಕೀಯ ಹೀಗೆ ಕೈಗೆ ಸಿಗುತ್ತದೆ.

ಫ್ಯಾಂಟಸಿಯಲ್ಲಿ ಅಚ್ಚರಿಯ ಹಂಚಿಕೆ ಬೇರೆ ರೀತಿಯದು. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಮೊದಲ ಪುಸ್ತಕದಲ್ಲಿ (1950) ಲೂಸಿ ಎಂಬ ಹುಡುಗಿ ಬಟ್ಟೆಯ ಕಪಾಟಿನ ಮೂಲಕ ಹಿಮ ಬೀಳುವ ಕಾಡಿಗೆ ಕಾಲಿಡುತ್ತಾಳೆ. ಆಕೆ ಬೆರಗಾಗುತ್ತಾಳೆ, ಅಣ್ಣಂದಿರು ಮತ್ತು ಅಕ್ಕ ನಂಬುವುದಿಲ್ಲ, ಮನೆಯ ಯಜಮಾನರಾದ ಪ್ರೊಫೆಸರ್ ತರ್ಕಬದ್ಧವಾಗಿ ಆಕೆಯ ಪರ ವಾದಿಸುತ್ತಾರೆ. ನಂಬದಿರುವುದು, ಆಮೇಲೆ ನಂಬುವುದು ಇವೇ ಆ ಪುಸ್ತಕದ ಮೊದಲ ಅಧ್ಯಾಯಗಳ ನಾಟಕ.

ಈಗ ಹಮೀದ್ ಅವರ ಕಪಾಟಿಗೆ ಮರಳೋಣ. ಸಿಡ್ನಿಯ ದೃಶ್ಯದಲ್ಲಿ ನಿರೂಪಕನ ದನಿ ಒಂದಿಷ್ಟೂ ಏರುವುದಿಲ್ಲ. ಸಯೀದ್ ಮತ್ತು ನಾದಿಯಾರ ನಗರದಲ್ಲಿ ಇಂಥ ಬಾಗಿಲುಗಳ ಸುದ್ದಿ ಗಾಳಿಮಾತಾಗಿ ಹಬ್ಬುತ್ತದೆ. ಬಹುಪಾಲು ಜನ ಅದನ್ನು ಅವಿವೇಕವೆಂದು ತಳ್ಳಿಹಾಕುತ್ತಾರೆ, ಆದರೂ ತಮ್ಮ ಮನೆಯ ಬಾಗಿಲುಗಳನ್ನೇ ಕೊಂಚ ಬೇರೆ ರೀತಿಯಲ್ಲಿ ನೋಡತೊಡಗುತ್ತಾರೆ. ಅಲ್ಲಿಗೆ ಅಪನಂಬಿಕೆಯ ಪ್ರಸಂಗ ಮುಗಿಯಿತು. ಅದಕ್ಕೆಂದು ಒಂದು ಅಧ್ಯಾಯವೂ ಮೀಸಲಾಗಿಲ್ಲ. ಸ್ವಲ್ಪ ಸಮಯದಲ್ಲೇ ಬಾಗಿಲುಗಳು ಜಾಗತಿಕ ಬಿಕ್ಕಟ್ಟಾಗಿ ರಾಷ್ಟ್ರನಾಯಕರ ಚರ್ಚೆಯ ವಿಷಯವಾಗುತ್ತವೆ, ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ, ಮುಂಗಡ ಹಣ ಕೈಬದಲಾಗುತ್ತದೆ. ಪಾತ್ರಗಳ ಚಿಂತೆಯೆಲ್ಲ ದಲ್ಲಾಳಿ ಮೋಸ ಮಾಡಿಯಾನೇ, ಅಪ್ಪನನ್ನು ಬಿಟ್ಟು ಹೋಗುವುದು ಹೇಗೆ ಎಂಬುದರ ಸುತ್ತ ಇರುತ್ತದೆ. ಫೆರ್ನಾಂಡಾಳ ಹಾಸುಬಟ್ಟೆಗೆ ಇದು ಹತ್ತಿರದ ಬಂಧು. ಕೆನಡಾದ ವಿಮರ್ಶಕಿ ಅಮರಿಲ್ ಚನಾಡಿ 1985ರ ತಮ್ಮ ಗ್ರಂಥದಲ್ಲಿ, ವಿವರಣೆಯನ್ನು ತಡೆಹಿಡಿಯುವ ನಿರೂಪಕನ ಈ ಮೌನವನ್ನು ಮಾಂತ್ರಿಕ ವಾಸ್ತವದ ಒಂದು ಮುಖ್ಯ ಲಕ್ಷಣವಾಗಿ ಗುರುತಿಸಿದ್ದಾರೆ. ಈ ಅಳತೆಯಲ್ಲಿ 'ಎಕ್ಸಿಟ್ ವೆಸ್ಟ್' ಮಾಂತ್ರಿಕ ವಾಸ್ತವದ ಕಡೆಗೆ ವಾಲುತ್ತದೆ.

ಕಾರಣ ಮತ್ತು ಕಟ್ಟಳೆ

ಮುಂದಿನ ಪ್ರಶ್ನೆ: ಅದ್ಭುತಕ್ಕೆ ಕಾರಣವಿದೆಯೇ, ನಿಯಮವಿದೆಯೇ, ಅದನ್ನು ಯಾರಾದರೂ ನಿಲ್ಲಿಸಬಲ್ಲರೇ? ಇದಕ್ಕೆ ಕಜುವೊ ಇಶಿಗುರೊ ಅವರ 'ದಿ ಬರೀಡ್ ಜೈಂಟ್' (2015) ಒಳ್ಳೆಯ ಹೋಲಿಕೆ. ಆರ್ಥರ್ ದೊರೆಯ ನಂತರದ ಬ್ರಿಟನ್ನಿನಲ್ಲಿ ಆಕ್ಸಲ್ ಮತ್ತು ಬಿಯಾಟ್ರಿಸ್ ಎಂಬ ಮುದಿ ದಂಪತಿ ಮಗನನ್ನು ಹುಡುಕಿಕೊಂಡು ಹೊರಡುತ್ತಾರೆ. ನಾಡನ್ನೆಲ್ಲ ಕವಿದ ಮಂಜು ಜನರ ನೆನಪುಗಳನ್ನು ಅಳಿಸಿಹಾಕಿದೆ. ಈ ಮಂಜಿಗೆ ಕಾರಣ ಕ್ವೆರಿಗ್ ಎಂಬ ಹೆಣ್ಣು ಡ್ರ್ಯಾಗನ್ನಿನ ಉಸಿರು, ಆ ಉಸಿರಿಗೆ ಆ ಶಕ್ತಿಯನ್ನು ಕೊಟ್ಟದ್ದು ಮಾಂತ್ರಿಕ ಮರ್ಲಿನ್, ಹಾಗೆ ಮಾಡಿದ್ದು ಸ್ಯಾಕ್ಸನ್ನರ ಮೇಲೆ ನಡೆದ ಕಗ್ಗೊಲೆ ಮರೆತುಹೋಗಲಿ ಎಂದು. ಡ್ರ್ಯಾಗನ್ ಸತ್ತರೆ ಮಂಜು ಕರಗುತ್ತದೆ, ನೆನಪು ಮರಳುತ್ತದೆ, ನೆನಪಿನೊಡನೆ ಸೇಡೂ ಮರಳುತ್ತದೆ. ಕಾರಣ, ಕಾವಲುಗಾರ, ಪರಿಹಾರ ಎಲ್ಲವೂ ಇರುವ ಈ ಕಟ್ಟೋಣ ಫ್ಯಾಂಟಸಿಯದು, ಕಾದಂಬರಿಯ ದನಿ ಎಷ್ಟೇ ತಗ್ಗಿನಲ್ಲಿರಲಿ. ಪುಸ್ತಕ ಬಂದ ಹೊತ್ತಿನಲ್ಲಿ, ಓದುಗರು ಇದನ್ನು ಫ್ಯಾಂಟಸಿ ಎಂದುಕೊಂಡಾರೇ ಎಂಬ ಅಳುಕನ್ನು ಇಶಿಗುರೊ ಸಂದರ್ಶನವೊಂದರಲ್ಲಿ ತೋಡಿಕೊಂಡಿದ್ದರು. ಆ ಮಾತಿನಲ್ಲಿ ತಮ್ಮ ಪ್ರಕಾರದ ಬಗ್ಗೆ ತಾತ್ಸಾರವನ್ನು ಕಂಡ ಅಮೆರಿಕದ ಫ್ಯಾಂಟಸಿ ಲೇಖಕಿ ಅರ್ಸುಲಾ ಲೆ ಗ್ವಿನ್ ಖಾರವಾಗಿ ಉತ್ತರಿಸಿದ್ದರು. ಮಾಂತ್ರಿಕ ವಾಸ್ತವವೆಂದರೆ ಗಂಭೀರ, ಫ್ಯಾಂಟಸಿಯೆಂದರೆ ಮಕ್ಕಳ ಸರಕು ಎಂಬ ಮೇಲು-ಕೀಳಿನ ಲೆಕ್ಕ ನಿಮ್ಮ ಬರಹದಲ್ಲಿ ನುಸುಳಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳಿತು.

ಹಮೀದ್ ಅವರ ಬಾಗಿಲುಗಳಿಗೆ ಕಾರಣವಿಲ್ಲ. ಯಾರು ಮಾಡಿದರು, ಏಕೆ ಈಗಲೇ ತೆರೆದುಕೊಂಡವು ಎಂಬುದನ್ನು ಕಾದಂಬರಿ ಹೇಳುವುದಿಲ್ಲ, ಪಾತ್ರಗಳೂ ಕೇಳುವುದಿಲ್ಲ. ಆದರೆ ಪಟ್ಟಿಯನ್ನು ಮತ್ತೆ ತಿರುವಿಹಾಕಿದರೆ ಒಂದು ಕಟ್ಟಳೆ ಕಣ್ಣಿಗೆ ಬೀಳುತ್ತದೆ. ಗ್ರೀಸಿನ ಮಿಕೊನೋಸ್ ದ್ವೀಪದಲ್ಲಿ ಶ್ರೀಮಂತ ದೇಶಗಳಿಗೆ ಹೋಗುವ ಬಾಗಿಲುಗಳಿಗೆ ಬಿಗಿ ಕಾವಲಿದೆ, ಬಡ ದೇಶಗಳಿಂದ ಬಂದ ಬಾಗಿಲುಗಳನ್ನು ಕೇಳುವವರಿಲ್ಲ. ಬಂದವರು ಬಂದ ದಾರಿಯಲ್ಲೇ ಮರಳಿಯಾರು ಎಂಬ ಆಸೆಯಿಂದ ಅವನ್ನು ಹಾಗೆಯೇ ಬಿಟ್ಟಿರಬಹುದು. ಬಾಗಿಲು ಹೇಗೆ ತೆರೆಯುತ್ತದೆ ಎಂಬುದಕ್ಕೆ ಮಂತ್ರವಿಲ್ಲ, ಅದರ ಮುಂದೆ ಬಂದೂಕು ಹಿಡಿದು ಯಾರು ನಿಲ್ಲುತ್ತಾರೆ ಎಂಬುದಕ್ಕೆ ಮಾತ್ರ ಸ್ಪಷ್ಟ ನಿಯಮವಿದೆ. ಫ್ಯಾಂಟಸಿಯು ಮಾಯೆಗೆ ಕೊಡುವ ಶಿಸ್ತನ್ನು ಹಮೀದ್ ಗಡಿಗಳ ರಾಜಕೀಯಕ್ಕೆ ಕೊಟ್ಟಿದ್ದಾರೆ. ನನ್ನ ಮೊದಲ ಓದಿನಲ್ಲಿ ಇದು ಕಂಡಿರಲಿಲ್ಲ; ಪಟ್ಟಿ ಮಾಡಿದ ಮೇಲೆ ಕಂಡಿತು.

ಬಾಗಿಲಿನ ಆಚೆ ಏನಿದೆ?

ಫರಾ ಮೆಂಡಲ್‌ಸನ್ ಎಂಬ ವಿಮರ್ಶಕಿ 2008ರ ತಮ್ಮ ಪುಸ್ತಕದಲ್ಲಿ, ಅದ್ಭುತವು ಕಥೆಯೊಳಕ್ಕೆ ಹೇಗೆ ಪ್ರವೇಶಿಸುತ್ತದೆ ಎಂಬುದರ ಆಧಾರದ ಮೇಲೆ ಫ್ಯಾಂಟಸಿಯನ್ನು ವಿಂಗಡಿಸುತ್ತಾರೆ. ಪಾತ್ರ ಒಂದು ಬಾಗಿಲನ್ನು ದಾಟಿ ಇನ್ನೊಂದು ಲೋಕಕ್ಕೆ ಹೋಗುವುದು ಅದರಲ್ಲಿ ಒಂದು ಬಗೆ. ಅದ್ಭುತವೇ ನಮ್ಮ ಲೋಕಕ್ಕೆ ನುಗ್ಗಿ ಬರುವುದು ಮತ್ತೊಂದು. ಹೊರನೋಟಕ್ಕೆ 'ಎಕ್ಸಿಟ್ ವೆಸ್ಟ್' ಮೊದಲ ಬಗೆಯದು. ಪಾಳುಬಿದ್ದ ದಂತವೈದ್ಯರ ಚಿಕಿತ್ಸಾಲಯದ ಬಾಗಿಲಿನಿಂದ ನಾದಿಯಾ ಮತ್ತು ಸಯೀದ್ ದಾಟುತ್ತಾರೆ. ಆ ದಾಟುವಿಕೆ ಸಾಯುವಂತೆಯೂ ಹುಟ್ಟುವಂತೆಯೂ ಇರುತ್ತದೆ. ಆಚೆಗೆ ಬಿದ್ದಾಗ ಅವರು ಇರುವುದು ಮಿಕೊನೋಸಿನ ಕಡಲತೀರದ ಕ್ಲಬ್ಬೊಂದರ ಶೌಚಾಲಯದಲ್ಲಿ. ನಾರ್ನಿಯಾದಲ್ಲಿರುವಂತೆ ಮಾತಾಡುವ ಸಿಂಹವಿಲ್ಲ, ಮಾಟಗಾತಿಯಿಲ್ಲ; ಡೇರೆಗಳಿವೆ, ಮೊಬೈಲ್ ಚಾರ್ಜ್ ಮಾಡಿಕೊಳ್ಳುವ ಪರದಾಟವಿದೆ. ಆಮೇಲೆ ಲಂಡನ್, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಮರಿನ್. ಫ್ಯಾಂಟಸಿಯ ಬಾಗಿಲು ನಮ್ಮ ಲೋಕವನ್ನು ಬಿಟ್ಟುಹೋಗಲು ಇರುವಂಥದು. ಈ ಬಾಗಿಲು ನಮ್ಮ ಲೋಕದೊಳಗೇ, ಪಾಸ್‌ಪೋರ್ಟ್ ಇಲ್ಲದವರಿಗೆ ಮುಚ್ಚಿದ್ದ ಭಾಗಕ್ಕೆ, ತೆರೆದುಕೊಳ್ಳುತ್ತದೆ. ಹೀಗಾಗಿ ಟೋಲ್ಕಿನ್ ಹೇಳಿದ ಎರಡನೆಯ ಲೋಕ ಇಲ್ಲಿ ಇಲ್ಲ ಎಂದೇ ಬರೆಯಬಹುದು. ಒಂದು ತಕರಾರನ್ನು ಮಾತ್ರ ಉಳಿಸಿಕೊಳ್ಳಿ: ಆ ಹೆಸರಿಲ್ಲದ ನಗರದ ಯುವಕನಿಗೆ ಲಂಡನ್ನಿನ ಅರಮನೆಯಂಥ ಮನೆಯೊಂದರ ಮಲಗುವ ಕೋಣೆ ಎರಡನೆಯ ಲೋಕವಲ್ಲದೆ ಮತ್ತೇನು?

ತೆಗೆದು ನೋಡುವ ಪ್ರಯೋಗ

ಮಾಂತ್ರಿಕ ವಾಸ್ತವದ ಬಗ್ಗೆ ಬರೆಯುವವರು ಬೀಳುವ ದೊಡ್ಡ ಹಳ್ಳವೆಂದರೆ ರೂಪಕದ ಹಳ್ಳ. 'ಬಾಗಿಲು ವಲಸೆಯ ಸಂಕೇತ' ಎಂದು ಬರೆದು ಮುಗಿಸಿದರೆ ಕಾದಂಬರಿಯನ್ನು ಓದಿದಂತೆಯೇ ಆಗಲಿಲ್ಲ. ಸಂಕೇತ ಹೌದು, ಆದರೆ ಕಥೆಯೊಳಗೆ ಅದು ನಿಜವಾದ ಬಾಗಿಲೂ ಹೌದು, ಅದರ ಹಿಡಿಕೆ ತಿರುಗಿಸಿದರೆ ಕೈಗೆ ತಣ್ಣಗೆ ತಾಗುವಂಥದು. ಇದನ್ನು ತಪ್ಪಿಸಲು ಒಂದು ಸರಳ ಪ್ರಯೋಗ ಮಾಡಿ: ಅದ್ಭುತವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ವಾಸ್ತವದ ವಸ್ತುವೊಂದನ್ನು ಇಟ್ಟು, ಕಥೆ ಏನನ್ನು ಕಳೆದುಕೊಂಡಿತು ಎಂದು ಬರೆದುಕೊಳ್ಳಿ.

ಬಾಗಿಲಿನ ಬದಲು ದೋಣಿಯನ್ನಿಡೋಣ. ಸಯೀದ್ ಮತ್ತು ನಾದಿಯಾ ಕಳ್ಳಸಾಗಣೆದಾರರ ರಬ್ಬರ್ ದೋಣಿಯಲ್ಲಿ ಏಜಿಯನ್ ಸಮುದ್ರವನ್ನು ದಾಟುತ್ತಾರೆ. ಆಗ ಕಾದಂಬರಿಯ ನಡುಭಾಗವೆಲ್ಲ ಆ ಪ್ರಯಾಣವೇ ಆಗಿಬಿಡುತ್ತದೆ: ಅಲೆ, ಬಾಯಾರಿಕೆ, ಮುಳುಗಿದವರ ಎಣಿಕೆ. 2015ರ ನಂತರ ಸುದ್ದಿವಾಹಿನಿಗಳಲ್ಲಿ ನಿರಾಶ್ರಿತನೆಂದರೆ ದೋಣಿಯಲ್ಲಿರುವವನು ಎಂಬ ಚಿತ್ರ ಎಷ್ಟು ಬೇರೂರಿತೆಂದರೆ, ದೋಣಿ ಹತ್ತುವ ಮುನ್ನ ಅವನಿಗೊಂದು ಕೆಲಸ, ಪ್ರೇಮ, ಅಮ್ಮನ ಅಡುಗೆ ಇತ್ತೆಂಬುದೇ ಮರೆತುಹೋಯಿತು. ಬಾಗಿಲು ಆ ಪ್ರಯಾಣವನ್ನು ಒಂದು ಪುಟಕ್ಕೆ ಇಳಿಸಿ, ಬಿಟ್ಟುಬರುವುದರ ನೋವಿಗೂ ಬಂದು ಸೇರಿದ ಮೇಲಿನ ಬದುಕಿಗೂ ಜಾಗ ಮಾಡಿಕೊಡುತ್ತದೆ. ಸಯೀದನ ತಂದೆ ಹಿಂದೆ ಉಳಿಯುತ್ತಾನೆ. ಲಂಡನ್ನಿನಲ್ಲಿ ವಿದ್ಯುತ್ ಕಡಿತಗೊಂಡ ವಲಸಿಗರ ಬೀದಿಗಳು ಕತ್ತಲಾಗಿ, ಉಳಿದ ನಗರ ಬೆಳಗುತ್ತದೆ. ಜೊತೆಯಾಗಿ ಎಲ್ಲವನ್ನೂ ದಾಟಿದ ಇಬ್ಬರ ಪ್ರೀತಿ ಮೆಲ್ಲಗೆ ಸವೆಯುತ್ತದೆ.

ಇನ್ನೊಂದು ನಷ್ಟವೂ ಇದೆ. ದೋಣಿ ಒಂದೇ ದಿಕ್ಕಿಗೆ ಹೋಗುತ್ತದೆ, ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ಮುದುಕನೊಬ್ಬನ ಅಂಗಳದ ಶೆಡ್ಡಿನಿಂದ ಬ್ರೆಜಿಲಿನ ಮುದುಕನೊಬ್ಬ ಹೊರಬಂದು, ಅವರಿಬ್ಬರ ನಡುವೆ ಮೂಡುವ ಒಲವಿನ ಕಿರುಪ್ರಸಂಗ ದೋಣಿಯ ಕಾದಂಬರಿಯಲ್ಲಿ ಸಾಧ್ಯವೇ ಇರಲಿಲ್ಲ. ಹುಟ್ಟಿದ ಮನೆಯನ್ನೇ ಬಿಡದ ಪಾಲೊ ಆಲ್ಟೊದ ಮುದುಕಿಯೂ, ಸುತ್ತಲಿನ ಊರು ಬದಲಾಗಿಹೋದದ್ದರಿಂದ, ಕಾಲದೊಳಗಿನ ವಲಸಿಗಳಾಗುತ್ತಾಳೆ. ಬಾಗಿಲು ವಲಸೆಯನ್ನು ಕೆಲವರ ದುರ್ದೈವದಿಂದ ಎಲ್ಲರ ಸ್ಥಿತಿಗೆ ಎತ್ತುತ್ತದೆ. ಈ ಪ್ರಯೋಗದಿಂದ ಸಿಗುವ ಟಿಪ್ಪಣಿಗಳೇ ನಿಮ್ಮ ಲೇಖನದ ಜೀವಾಳವಾಗುತ್ತವೆ, ಏಕೆಂದರೆ ಅದ್ಭುತವು ಮಾಡಿದ ಕೆಲಸವನ್ನು ಇವು ತೋರಿಸುತ್ತವೆ.

ಬೇರು ಎಲ್ಲಿದೆ?

ಕೊನೆಯ ಪ್ರಶ್ನೆಗೆ ಕನ್ನಡದ ಓದುಗರು ಹೊರಗಿನವರಿಗಿಂತ ಚೆನ್ನಾಗಿ ಉತ್ತರಿಸಬಲ್ಲರು: ಈ ಅದ್ಭುತದ ಹಿಂದೆ ಯಾವುದಾದರೂ ಸಮುದಾಯದ ನಂಬಿಕೆ, ಕಥೆ, ಆಚರಣೆ ಇದೆಯೇ? ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದರಲ್ಲಿ ಊರಿನ ದೀಪಗಳೆಲ್ಲ, ಮನೆಯವರು ಆರಿಸಿದ ಮೇಲೆ, ರಾತ್ರಿ ಹನುಮಂತನ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದ ಆರಂಭದಲ್ಲಿ ಆ ಜ್ವಾಲೆಗಳು ಪಾಳುಗುಡಿಗೆ ಬರುತ್ತವೆ. ದೇವನೂರ ಮಹಾದೇವರ 'ಕುಸುಮಬಾಲೆ' ಕಾದಂಬರಿಯಲ್ಲಿ ಜೋತಮ್ಮಗಳು, ಅಂದರೆ ದೀಪಗಳು, ಸೇರಿ ತಂತಮ್ಮ ಮನೆಗಳ ಸುದ್ದಿ ಹೇಳಿಕೊಳ್ಳುತ್ತವೆ, ಮತ್ತು ಆ ಸುದ್ದಿಯೊಳಗೆ ಜಾತಿಯ ಕ್ರೌರ್ಯವೂ ಇರುತ್ತದೆ. ದೀಪ ಮಾತಾಡಿತೆಂದರೆ ನಮ್ಮ ಅಜ್ಜಿಯರು ಕಾರಣ ಕೇಳುತ್ತಿರಲಿಲ್ಲ. 'ಕುಸುಮಬಾಲೆ'ಯನ್ನು ಮಾಂತ್ರಿಕ ವಾಸ್ತವವೆಂದು ಕರೆಯುವವರಿದ್ದಾರೆ. ನನಗೆ ಆ ಹೆಸರು ತುಸು ತಡವಾಗಿ ಬಂದ ನೆಂಟನಂತೆ ಕಾಣುತ್ತದೆ, ಆ ದೀಪಗಳಿಗೆ ಮಾಕೊಂಡೊದ ಪರವಾನಗಿ ಬೇಕಿರಲಿಲ್ಲ. ಆದರೂ ಕಾರ್ಪೆಂಟಿಯೆರ್ ಹೇಳಿದ, ನೆಲದ ನಂಬಿಕೆಯಿಂದ ಹುಟ್ಟುವ ಅದ್ಭುತ ಎಂದರೆ ಏನೆಂದು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆಯಿಲ್ಲ.

'ಎಕ್ಸಿಟ್ ವೆಸ್ಟ್'ನ ಬಾಗಿಲುಗಳ ಹಿಂದೆ ಇಂಥ ಯಾವ ನಂಬಿಕೆಯೂ ಇಲ್ಲ. ಸಯೀದ್ ಪ್ರಾರ್ಥನೆ ಮಾಡುತ್ತಾನೆ, ಅದು ಅವನಿಗೆ ಹೆತ್ತವರ ನೆನಪಿನೊಡನೆ ಬೆಸೆದುಕೊಂಡಿದೆ, ಆದರೆ ಬಾಗಿಲುಗಳಿಗೂ ಅವನ ದೇವರಿಗೂ ಸಂಬಂಧವಿಲ್ಲ. ಬಾಗಿಲುಗಳು ಯಾವ ಅಜ್ಜಿಯ ಕಥೆಯಿಂದಲೂ ಬಂದವಲ್ಲ, ಜಗತ್ತಿನ ಎಲ್ಲರಿಗೂ ಒಮ್ಮೆಗೇ ಹೊಸವು. ಹುಟ್ಟಿದೂರಿಗೆ ಹೆಸರೇ ಇಲ್ಲದಿರುವುದೂ ಈ ಬೇರಿಲ್ಲದಿರುವಿಕೆಗೆ ಸೇರಿಕೊಳ್ಳುತ್ತದೆ. ಈ ಅಳತೆಯಲ್ಲಿ ಕಾದಂಬರಿ ಮಾಂತ್ರಿಕ ವಾಸ್ತವದಿಂದ ದೂರ ಸರಿದು, 'ಹೀಗೊಂದು ವೇಳೆ ಆದರೆ' ಎಂದು ಹೊರಡುವ ಫ್ಯಾಂಟಸಿ ಮತ್ತು ಭವಿಷ್ಯದ ಕಥೆಗಳ ಕಡೆಗೆ ಹೋಗುತ್ತದೆ. ನಿರೂಪಣೆಯ ದನಿಯನ್ನು ಮಾಂತ್ರಿಕ ವಾಸ್ತವದಿಂದ, ಸಾಧನವನ್ನು ಫ್ಯಾಂಟಸಿಯಿಂದ ಪಡೆದು, ಎರಡರ ಬೇರನ್ನೂ ಬೇಕೆಂದೇ ಕತ್ತರಿಸಿದ ಕೃತಿ ಎಂಬುದು ನನ್ನ ತೀರ್ಪು. ಬೇರು ಕಿತ್ತವರ ಕಥೆಗೆ ಬೇರಿಲ್ಲದ ಅದ್ಭುತವೇ ಒಪ್ಪುತ್ತದೆಂದು ನನಗೆ ತೋರುತ್ತದೆ. ನೀವು ಇದನ್ನು ಕಾದಂಬರಿಯ ಕೊರತೆಯೆಂದು ವಾದಿಸಿದರೂ ಆ ವಾದಕ್ಕೆ ಬಲವಿದೆ.

ಬರೆಯುವಾಗ

ಇಷ್ಟಾದ ಮೇಲೆ ಲೇಖನ ಕಟ್ಟುವುದು ಕಷ್ಟವಲ್ಲ. ಮೊದಲ ಅರ್ಧ ಫ್ಯಾಂಟಸಿ, ಉಳಿದರ್ಧ ಮಾಂತ್ರಿಕ ವಾಸ್ತವ ಎಂದು ಹಂಚಬೇಡಿ. ಹಾಗೆ ಮಾಡಿದರೆ ಹೋಲಿಕೆಯ ಹೊರೆ ಓದುಗರ ಹೆಗಲಿಗೆ ಬೀಳುತ್ತದೆ. ಅಚ್ಚರಿ, ಕಾರಣ, ಆಚೆಯ ಲೋಕ, ಬೇರು ಹೀಗೆ ಒಂದೊಂದು ಪ್ರಶ್ನೆಗೂ ಒಂದು ಭಾಗ ಕೊಟ್ಟು, ಪ್ರತಿ ಭಾಗದಲ್ಲಿಯೂ ಎರಡೂ ಪ್ರಕಾರಗಳನ್ನು ಮುಖಾಮುಖಿಯಾಗಿಸಿ. ಎಲ್ಲ ಪ್ರಶ್ನೆಗಳಿಗೂ ಸಮಾನ ಪುಟಗಳು ಬೇಕಿಲ್ಲ, ನಿಮ್ಮ ಕಾದಂಬರಿ ಎಲ್ಲಿ ತುಂಬಿಕೊಂಡಿದೆಯೋ ಅಲ್ಲಿ ನಿಲ್ಲಿ. 'ಲೇಖಕರು ಫ್ಯಾಂಟಸಿಯನ್ನೂ ವಾಸ್ತವವನ್ನೂ ಅದ್ಭುತವಾಗಿ ಬೆಸೆದಿದ್ದಾರೆ' ಎಂಬಂಥ ವಾಕ್ಯ ಬರೆದಿದ್ದರೆ ಹೊಡೆದುಹಾಕಿ, ಅದು ಯಾವ ಪುಸ್ತಕಕ್ಕಾದರೂ ಸಲ್ಲುತ್ತದೆ. ಪ್ರಮುಖ ವಾದದ ವಾಕ್ಯದಲ್ಲಿ ಕೃತಿಯ ಒಂದು ನಿರ್ದಿಷ್ಟ ವಸ್ತು ಇರಲೇಬೇಕು. ಉದ್ಧರಣೆಗಳನ್ನು ಆರಿಸುವಾಗ ಅದ್ಭುತ ನಡೆಯುವ ಸಾಲಿಗಿಂತ ಅದರ ಮರುಸಾಲನ್ನು ಆರಿಸಿ. ಬಾಗಿಲಿನಿಂದ ಮನುಷ್ಯ ಬಂದದ್ದಕ್ಕಿಂತ, ಬಂದ ಮೇಲೆ ವಾಕ್ಯದ ಉಸಿರು ಹೇಗಿದೆ ಎಂಬುದು ಹೆಚ್ಚು ಹೇಳುತ್ತದೆ. ಅನುವಾದದಲ್ಲಿ ಓದಿದ್ದರೆ ಅದನ್ನು ಒಪ್ಪಿಕೊಳ್ಳಿ, ಏಕೆಂದರೆ ದನಿಯ ಬಗ್ಗೆ ನೀವು ಹೇಳುವುದರಲ್ಲಿ ಅನುವಾದಕರ ಪಾಲೂ ಇರುತ್ತದೆ.

ಕಾದಂಬರಿಯ ಕೊನೆಯ ಪುಟಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದನ್ನು ಮರೆಯಬೇಡಿ. ಫ್ಯಾಂಟಸಿಯಲ್ಲಿ ಬಾಗಿಲು ಸಾಮಾನ್ಯವಾಗಿ ಕೊನೆಗೆ ಮುಚ್ಚಿಕೊಳ್ಳುತ್ತದೆ, ಮಕ್ಕಳು ಮನೆಗೆ ಮರಳುತ್ತಾರೆ. 'ಎಕ್ಸಿಟ್ ವೆಸ್ಟ್'ನಲ್ಲಿ ಅರ್ಧ ಶತಮಾನ ಕಳೆದ ಮೇಲೆ ನಾದಿಯಾ ಹುಟ್ಟಿದೂರಿಗೆ ಬರುತ್ತಾಳೆ, ಕಾಫಿ ಅಂಗಡಿಯಲ್ಲಿ ಸಯೀದನ ಜೊತೆ ಕೂರುತ್ತಾಳೆ. ಚಿಲಿಯ ಮರುಭೂಮಿಯ ನಕ್ಷತ್ರಗಳನ್ನು ನೋಡಬೇಕೆಂಬುದು ಅವನ ಯೌವನದ ಆಸೆಯಾಗಿತ್ತು. ನೋಡಿದೆಯಾ ಎಂದು ಅವಳು ಕೇಳುತ್ತಾಳೆ. ಅವನು ಹೌದೆಂದು ತಲೆಯಾಡಿಸಿ, ನಿನಗೊಂದು ಸಂಜೆ ಬಿಡುವಿದ್ದರೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ಚಿಲಿಗೆ, ಒಂದು ಸಂಜೆಯ ಬಿಡುವಿನಲ್ಲಿ. ಬಾಗಿಲು ಎಂಬ ಪದ ಆ ಮಾತಿನಲ್ಲಿ ಬರುವುದೇ ಇಲ್ಲ.